ಮೂರು ಚೆಂಡು ಗೆರೆ ದಾಟಬೇಕು

ಹಾಸನದ ಒಂದು ಕ್ಲಬ್ಬಿನಲ್ಲಿ ನಡೆದ ಪೂಲ್ ಪಂದ್ಯಾವಳಿಯಲ್ಲಿ ನಾಗಲಕ್ಷ್ಮಿ ಹೊಡೆದ ಬಿಳಿ ಚೆಂಡು ಮೇಜಿನಿಂದ ಹಾರಿ, ಕುರ್ಚಿಗಳ ಎರಡನೇ ಸಾಲಿನಲ್ಲಿ ಕೂತಿದ್ದ ಅವಳ ಗಂಡ ತಿಮ್ಮಪ್ಪನ ಮೊಣಕಾಲಿಗೆ ಬಡಿಯಿತು. ತಿಮ್ಮಪ್ಪ "ಅಯ್ಯಪ್ಪಾ" ಎಂದು ಕಾಲು ಹಿಡಿದುಕೊಂಡ. ಕೂತವರೆಲ್ಲ ನಕ್ಕರು. ಪೆಟ್ಟು ತಿಂದ ತಿಮ್ಮಪ್ಪನೂ ನಕ್ಕುಬಿಟ್ಟ. ನಾಗಲಕ್ಷ್ಮಿ ಮಾತ್ರ ಕೈಯಲ್ಲಿದ್ದ ಕೋಲಿನ ತುದಿ ನೋಡುತ್ತ ನಿಂತಳು. ಆ ಪಂದ್ಯದಲ್ಲಿ ಅದು ಅವಳ ಮೂರನೇ ಕೆಟ್ಟ ಬ್ರೇಕು.

ಈ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಂದರಿಂದ ಒಂಬತ್ತರವರೆಗೆ ನಂಬರು ಬರೆದ ಚೆಂಡುಗಳನ್ನು ಮೇಜಿನ ಒಂದು ಕಡೆ, ಇಸ್ಪೀಟಿನ ಡೈಮಂಡ್ ಆಕಾರದಲ್ಲಿ, ಒತ್ತೊತ್ತಾಗಿ ಜೋಡಿಸಿರುತ್ತಾರೆ. ಇನ್ನೊಂದು ಕಡೆಯಿಂದ ಬಿಳಿ ಚೆಂಡು ಹೊಡೆದು ಆ ಗುಂಪನ್ನು ಒಡೆಯುವುದೇ ಬ್ರೇಕ್. ಒಡೆದಾಗ ಒಂದಾದರೂ ಚೆಂಡು ಗುಳಿಗೆ ಬಿದ್ದರೆ ಒಡೆದವರೇ ಆಟ ಮುಂದುವರಿಸುತ್ತಾರೆ. ಬೀಳದಿದ್ದರೆ ಹರಡಿದ ಮೇಜು ಎದುರಾಳಿಯ ಪಾಲು. ಚೆಂಡುಗಳನ್ನು ನಂಬರಿನ ಕ್ರಮದಲ್ಲೇ ಮುಟ್ಟುತ್ತ ಹೋಗಿ ಒಂಬತ್ತನ್ನು ಬೀಳಿಸಿದವರಿಗೆ ಗೇಮು. ಬಿಳಿಯೇ ಮೇಜು ಬಿಟ್ಟು ಹಾರಿತೋ, ಗುಳಿಗೆ ಬಿತ್ತೋ, ಮುಟ್ಟಬೇಕಾದ ಚೆಂಡನ್ನು ಮೊದಲು ಮುಟ್ಟಲಿಲ್ಲವೋ, ಅದು ಫೌಲ್; ಎದುರಾಳಿ ಬಿಳಿಯನ್ನು ತನಗೆ ಬೇಕಾದ ಜಾಗದಲ್ಲಿಟ್ಟು ಹೊಡೆಯಬಹುದು.

ಆ ದಿನದ ಎದುರಾಳಿ ಪ್ರೇಕ್ಷಾ, ಹಾಸನದ ಇಪ್ಪತ್ತೆರಡರ ಹುಡುಗಿ. ತಿಮ್ಮಪ್ಪನಿಂದ ಚೆಂಡು ವಾಪಸ್ ಪಡೆದು, "ಸಾರಿ ಅಂಕಲ್" ಎಂದು ತಾನೇ ಕ್ಷಮೆ ಕೇಳಿ, ಅದನ್ನು ಇಟ್ಟು ಒಂಬತ್ತೂ ಚೆಂಡುಗಳನ್ನು ಒಂದೇ ಸರದಿಯಲ್ಲಿ ಮುಗಿಸಿದಳು. ಪಂದ್ಯ ಏಳು-ಎರಡಕ್ಕೆ ಮುಗಿಯಿತು.

ನಾಗಲಕ್ಷ್ಮಿಗೆ ಆಗ ಮೂವತ್ತಾರು. ಹೊಳೆನರಸೀಪುರದವಳು, ಪರವಾನಗಿ ಪಡೆದ ಸರ್ವೇಯರ್. ಅರಕಲಗೂಡು, ಹಳ್ಳಿಮೈಸೂರಿನ ಕಡೆ ಹೊಲ ಅಳೆದು, ಹದ್ದುಬಸ್ತು ಗುರುತಿಸಿ, ನಕ್ಷೆ ಬರೆಯುವುದು ಕೆಲಸ. ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಕೈ ಕೈ ಮಿಲಾಯಿಸುವಾಗಲೂ ದನಿ ಎತ್ತರಿಸದೆ ಅಳತೆ ಓದುವ ಹೆಂಗಸು ಎಂದು ಆ ಕಡೆಯ ಊರುಗಳಲ್ಲಿ ಅವಳಿಗೆ ಹೆಸರಿತ್ತು. ಪೂಲ್ ಹತ್ತಿದ್ದು ಅಣ್ಣ ಅಶೋಕನಿಂದ. ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಪೇಂಟಿನಂಗಡಿಯ ಮೇಲೆ ಎರಡು ಮೇಜಿನ ಪಾರ್ಲರ್ ಇಟ್ಟಿದ್ದ. ಡಿಪ್ಲೊಮಾ ಮುಗಿಸಿ ಪರವಾನಗಿಗೆ ಕಾಯುತ್ತಿದ್ದ ವರ್ಷ, ಅಣ್ಣ ಊಟಕ್ಕೆ ಹೋದಾಗ ಪಾರ್ಲರ್ ನೋಡಿಕೊಳ್ಳುವುದು ಅವಳ ಪಾಲಿಗೆ ಬಂತು. ಮಧ್ಯಾಹ್ನ ಗಿರಾಕಿಗಳಿರುತ್ತಿರಲಿಲ್ಲ. ಕೋಲು ಕೈಗೆತ್ತಿಕೊಂಡಳು. ಎರಡು ವರ್ಷದಲ್ಲಿ ಅಣ್ಣನನ್ನು ಸೋಲಿಸಿದಳು. ಮೂರನೇ ವರ್ಷ ಅವನು ಅವಳ ಜೊತೆ ಆಡುವುದನ್ನೇ ಬಿಟ್ಟ.

ಕಷ್ಟದ ಕೋನದಿಂದ ಚೆಂಡು ಬೀಳಿಸುವುದರಲ್ಲಿ, ಅದಕ್ಕಿಂತ ಹೆಚ್ಚಾಗಿ ಎದುರಾಳಿಗೆ ಹೊಡೆಯಲು ದಾರಿಯೇ ಸಿಗದಂತೆ ಬಿಳಿಯನ್ನು ಅಡಗಿಸಿ ಇಡುವುದರಲ್ಲಿ ಅವಳನ್ನು ಮೀರಿಸುವವರು ಜಿಲ್ಲೆಯಲ್ಲಿ ಕಡಿಮೆ. ಕೈಕೊಡುತ್ತಿದ್ದುದು ಬ್ರೇಕ್ ಒಂದೇ. ಹಿಂದೊಮ್ಮೆ ಕಾಲುವೆ ಏರಿಯ ಮೇಲಿಂದ ಅಳತೆ ಯಂತ್ರದ ಮುಕ್ಕಾಲಿ ಹೊತ್ತು ಇಳಿಯುವಾಗ ಜಾರಿ ಬಿದ್ದು ಬಲಭುಜದ ಕೀಲು ತಪ್ಪಿತ್ತು. ಕೂಡಿಸಿದ್ದರು, ಆದರೆ ಕೈಯನ್ನು ರಭಸದಿಂದ ಮುಂದಕ್ಕೆ ತಳ್ಳಿದಾಗೆಲ್ಲ ಒಳಗೆಲ್ಲೋ ಚಳುಕು ಹೊಡೆಯುತ್ತಿತ್ತು. ಆ ಚಳುಕಿಗೆ ಹೆದರಿ ಮೈ ಕೊನೆಯ ಗಳಿಗೆಯಲ್ಲಿ ಮೇಲೇಳುತ್ತಿತ್ತು. ಮೈ ಎದ್ದರೆ ಕೋಲು ಎದ್ದಿತು, ಕೋಲು ಎದ್ದರೆ ಬಿಳಿ ಹಾರಿತು.

ಹಾಸನದಿಂದ ಬಂದ ಮಾರನೇ ದಿನ ಅಶೋಕ ತಂಗಿಗೆ ಉಪದೇಶ ಮಾಡಿದ.

"ನೀನು ಅನುಮಾನ ಮಾಡ್ಕಂಡು ಒಡೀತೀಯ ಕಣವ್ವ. ಬ್ರೇಕ್ ಅಂದ್ರೆ ತೆಂಗಿನ್ಕಾಯಿ ಒಡ್ದಂಗೆ. ಯೋಚ್ನೆ ಮಾಡುದ್ರೆ ಕಾಯಿ ಜಾರ್ತದೆ."

"ಕಾಯಿ ಒಡೆಯೋ ಭುಜ ನಂಗಿಲ್ಲ ಅಣ್ಣ."

"ಭುಜದ್ ಮಾತು ಬುಡು. ಮನಸ್ ಗಟ್ಟಿ ಮಾಡ್ಕೊ."

ನಾಗಲಕ್ಷ್ಮಿಗೆ ಮೈ ಉರಿಯಿತು. ಹದಿನೈದು ದಿನ ಮನಸ್ಸು ಗಟ್ಟಿ ಮಾಡಿಕೊಂಡೇ ಹೊಡೆದಳು. ಹದಿನಾರನೇ ದಿನ ಜಡೆ ಹಾಕಲು ಕೈ ಮೇಲೆತ್ತಲಾಗಲಿಲ್ಲ. ವೈದ್ಯರು ಎರಡು ತಿಂಗಳು ಕೋಲು ಮುಟ್ಟಬೇಡಿ ಎಂದರು.

ಆ ಎರಡು ತಿಂಗಳು ಅವಳು ಬೇರೆಯವರ ಬ್ರೇಕ್ ನೋಡುತ್ತ ಕೂತಳು. ಅಶೋಕನ ಪಾರ್ಲರಿನಲ್ಲಿ ಒಂದು ಮೂಲೆಯ ಸ್ಟೂಲಿನ ಮೇಲೆ ಕೂತು ಯಾರು ಎಲ್ಲಿಂದ ಹೊಡೆದರು, ಯಾವ ಚೆಂಡು ಎಲ್ಲಿಗೆ ಹೋಯಿತು ಎಂದು ಸರ್ವೆಯ ಹಾಳೆಯ ಹಿಂಬದಿಯಲ್ಲಿ ಗೀಚಿಟ್ಟಳು. ಮುನ್ನೂರು ಬ್ರೇಕ್ ಆಗುವಷ್ಟರಲ್ಲಿ ಒಂದು ಸಂಗತಿ ಎದ್ದು ಕಂಡಿತು. ಜೋರಾಗಿ ಹೊಡೆದಾಗ ಏನು ಬೀಳುತ್ತದೆ, ಎಲ್ಲಿ ಬೀಳುತ್ತದೆ ಎನ್ನುವುದಕ್ಕೆ ತಲೆಬುಡವಿರಲಿಲ್ಲ. ಆದರೆ ಚೆಂಡುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಸಂದಿಲ್ಲದೆ ಅಂಟಿಕೊಂಡಿದ್ದಾಗ, ನಡುವಿನ ಸಾಲಿನ ತುದಿಯಲ್ಲಿರುವ ಚೆಂಡು, ಆಟಗಾರರು ರೆಕ್ಕೆ ಎನ್ನುವ ಚೆಂಡು, ಮೂಲೆಯ ಗುಳಿಯ ಕಡೆಗೇ ಹೊರಡುತ್ತಿತ್ತು. ಪೂರ್ತಿ ಬಲ ಹಾಕಿದಾಗ ದಾರಿಯಲ್ಲಿ ಬೇರೆ ಚೆಂಡುಗಳು ಬಂದು ಅದಕ್ಕೆ ಗುದ್ದುತ್ತಿದ್ದವು. ಅಪರೂಪಕ್ಕೆ ಯಾರಾದರೂ ಮೆಲ್ಲಗೆ ಹೊಡೆದಾಗ ಅದು ಯಾರ ಕಾಟವೂ ಇಲ್ಲದೆ ಹೋಗಿ ಬೀಳುತ್ತಿತ್ತು.

ಭುಜ ವಾಸಿಯಾದ ಮೇಲೆ ಅದನ್ನೇ ಹಿಡಿದಳು. ಮೇಜಿನ ಬಲ ಅಂಚಿನಿಂದ ಒಂದು ಗೇಣು ಒಳಗೆ ಬಿಳಿ ಇಟ್ಟು, ಅರ್ಧ ಬಲದಲ್ಲಿ, ಗುಂಪಿನ ಮುಂತುದಿಯಲ್ಲಿರುವ ಒಂದನೇ ಚೆಂಡಿನ ನಡುಮಧ್ಯಕ್ಕೆ. ದಿನಾ ಮಧ್ಯಾಹ್ನ ನಲವತ್ತು ಸಲ. ತಿಮ್ಮಪ್ಪ ಹಳ್ಳಿಮೈಸೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಭಾನುವಾರ ಬಂದು ಚೆಂಡು ಜೋಡಿಸಿಕೊಡುತ್ತಿದ್ದ. ಅವನ ಬೆರಳುಗಳಿಗೆ ಬೇರಿಂಗು ಕೂರಿಸಿ ಅಭ್ಯಾಸ. ಸಂದಿಲ್ಲದೆ ಜೋಡಿಸುವುದನ್ನು ಅವಳಿಗೆ ಹೇಳಿಕೊಟ್ಟವನೇ ಅವನು.

"ಇನ್ನೊಂಚೂರು ಮೆಲ್ಲುಕ್ಕೆ ಒಡಿ ನೋಡಾನ," ಎನ್ನುತ್ತಿದ್ದ.

"ಇನ್ನೂ ಮೆಲ್ಲಗೆ ಒಡುದ್ರೆ ಫೌಲ್ ಆಯ್ತದೆ. ಒಂದೂ ಬೀಳ್ದೆ ಓದ್ರೆ ನಾಕ್ ಚೆಂಡಾದ್ರೂ ಮೇಜಿನಂಚು ಮುಟ್ಬೇಕು."

ಒಂದೂವರೆ ವರ್ಷವಾಯಿತು. ಕೊನೆಗೆ ಹತ್ತಕ್ಕೆ ಏಳು ಸಲ ರೆಕ್ಕೆಯ ಚೆಂಡು ಬೀಳತೊಡಗಿತು. ಬಿಳಿ ಮೇಜಿನ ನಡುವೆ ನಿಲ್ಲುತ್ತಿತ್ತು. ಒಂದನೇ ಚೆಂಡು ಪಕ್ಕದ ಗುಳಿಯ ಹತ್ತಿರ ಹೊಡೆಯಲು ಸಿಗುತ್ತಿತ್ತು. ಪಾರ್ಲರಿಗೆ ಬರುವವರು ತಮಾಷೆ ಮಾಡಿದರು. "ಮೇಡಂ ಬ್ರೇಕ್ ಮಾಡಲ್ಲ ಕಣ್ಲಾ, ಚೆಂಡಿಗೆ ನಿದ್ದೆ ಕೆಡ್ದಂಗೆ ಎಬ್ಬುಸ್ತಾರೆ." ನಾಗಲಕ್ಷ್ಮಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅರಕಲಗೂಡಿನಲ್ಲಿ ಒಂದು ಸಣ್ಣ ಪಂದ್ಯಾವಳಿ ನಡೆಯಿತು. ಗೆದ್ದವರೇ ಮುಂದಿನ ಗೇಮಿಗೂ ಬ್ರೇಕ್ ಮಾಡುವ ಪದ್ಧತಿ. ಫೈನಲಿನಲ್ಲಿ ಅವಳು ಸತತ ಐದು ಗೇಮು ಎದುರಾಳಿ ವ್ಯಾಪಾರಿಯೊಬ್ಬನನ್ನು ಕುರ್ಚಿಯಿಂದ ಏಳಲು ಬಿಡಲಿಲ್ಲ. ಸೋತ ವ್ಯಾಪಾರಿ ಕೈ ಕುಲುಕುವಾಗ, "ಇದೇನ್ ಬ್ರೇಕಾ ಮೇಡಂ, ಮಗು ಮೈ ತಡುವ್ದಂಗೆ!" ಎಂದ. ತಮಾಷೆಗೆಂಬಂತೆ ಅಂದರೂ ಮುಖದಲ್ಲಿ ನಗು ಇರಲಿಲ್ಲ. ಅವಳಿಗೆ ಆ ಮಾತೇ ಬಹುಮಾನಕ್ಕಿಂತ ಹೆಚ್ಚು ಖುಷಿ ಕೊಟ್ಟಿತು.

ಆ ಖುಷಿ ಚನ್ನರಾಯಪಟ್ಟಣದವರೆಗೆ ಬಾಳಿತು.

ಅಲ್ಲಿಯ ಪಂದ್ಯಾವಳಿ ದೊಡ್ಡದು. ಗಂಡಸರು ಹೆಂಗಸರು ಒಟ್ಟಿಗೇ ಆಡುತ್ತಾರೆ. ಹಾಸನದಿಂದ, ಶ್ರವಣಬೆಳಗೊಳದಿಂದ, ಮಂಡ್ಯದ ಕಡೆಯಿಂದಲೂ ಬರುತ್ತಾರೆ. ನಡೆಸುವವರು ಶಶಿಕಿರಣ್, ಕೊಬ್ಬರಿ ಮಂಡಿಯ ಮನೆತನದ, ಅಚ್ಚುಕಟ್ಟಾದ ಮನುಷ್ಯ. ಬೆಳಿಗ್ಗೆ ಒಂಬತ್ತಕ್ಕೆ ಆಟಗಾರರನ್ನೆಲ್ಲ ಒಂದೆಡೆ ಸೇರಿಸಿ ನಿಯಮ ಓದಿದರು. ಕೊನೆಯಲ್ಲಿ ಕನ್ನಡಕ ಸರಿಮಾಡಿಕೊಂಡು ಹೇಳಿದರು:

"ಈ ವರ್ಷ ಒಂದು ಹೊಸ ನಿಯಮ ಇದೆ. ಬ್ರೇಕ್ ಮಾಡ್ದಾಗ ಕನಿಷ್ಠ ಮೂರು ಚೆಂಡು, ಗುಳಿಗೆ ಬಿದ್ದಿದ್ದೂ ಲೆಕ್ಕ, ಈ ಕಡೆ ಗೆರೆ ದಾಟಿ ಬರಬೇಕು. ಬರದಿದ್ರೆ ಚೆಂಡು ಬಿದ್ರೂ ಸರದಿ ಎದುರಾಳಿಗೆ."

ಗೆರೆ ಎಂದರೆ ಬಿಳಿ ಇಟ್ಟು ಹೊಡೆಯುವ ಕಡೆಯ ಗೆರೆ. ಚೆಂಡುಗಳು ಒಡೆದು, ಮೇಜಿನ ಉದ್ದಕ್ಕೂ ಓಡಿ, ಹೊಡೆದವರ ಕಡೆಗೇ ಬರಬೇಕು. ಅರ್ಧ ಬಲದ ಬ್ರೇಕಿನಲ್ಲಿ ಒಂದು ಬೀಳುತ್ತದೆ, ಒಂದು ದಾಟುತ್ತದೆ. ಮೂರನೆಯದು ಎಲ್ಲಿಂದ ಬರಬೇಕು?

ನಾಗಲಕ್ಷ್ಮಿ ಕೈ ಎತ್ತಿದಳು. "ಸಾ, ಇದನ್ನ ಮೊದಲೇ ತಿಳಿಸಬೇಕಾಗಿತ್ತು. ಹೆಸರು ಕೊಟ್ಟು ತಿಂಗಳಾಯ್ತು."

"ನಾನು ಮಾಡಿದ ನಿಯಮ ಅಲ್ಲ ಮೇಡಂ. ದೊಡ್ಡ ದೊಡ್ಡ ಪಂದ್ಯಗಳಲ್ಲೆಲ್ಲ ಇದೆ," ಎಂದು ಶಶಿಕಿರಣ್ ಮೊಬೈಲ್ ತೆಗೆದು ತೋರಿಸಿದರು. ಇತ್ತು. ಆದರೆ ನಾಲ್ಕಾರು ಜನ ತನ್ನ ಕಡೆ ನೋಡಿ ಮುಖ ತಿರುಗಿಸಿಕೊಂಡದ್ದನ್ನೂ ಅವಳು ಕಂಡಳು.

ಹೊರಗೆ ಬಂದು ತಿಮ್ಮಪ್ಪನಿಗೆ ಹೇಳಿದಳು. ಅವನು, "ಓಗಾನ ಬಾ ಊರಿಗೆ. ದಾರೀಲಿ ಊಟ ಮಾಡ್ಕಂಡು ಓಗಾನ," ಎಂದ.

"ಯಾಕ್ ಓಗ್ಲಿ? ನಾನೇನ್ ಕಳ್ತನ ಮಾಡಿದೀನಾ? ಒಂದೂವರೆ ವರ್ಷ ಕಣ್ರೀ! ಅವ್ರು ಒಂದ್ ಸಾಲು ಓದುದ್ರು, ಮುಗೀತು!"

ಮೊದಲ ಎರಡು ಪಂದ್ಯಗಳನ್ನು ಅವಳು ಹೇಗೋ ದಾಟಿದಳು. ಎದುರಾಳಿಗಳು ಅಷ್ಟು ಗಟ್ಟಿಗರಾಗಿರಲಿಲ್ಲ. ಆದರೆ ಅವಳ ಬ್ರೇಕ್ ಪ್ರತಿ ಸಲವೂ ಅವಳನ್ನು ಹಂಗಿಸುತ್ತಿತ್ತು. ರೆಕ್ಕೆಯ ಚೆಂಡು ಹೇಳಿದ ಮಾತು ಕೇಳುವಂತೆ ಹೋಗಿ ಮೂಲೆಗೆ ಬೀಳುತ್ತಿತ್ತು. ಬಿಳಿ ನಡುವೆ ನಿಲ್ಲುತ್ತಿತ್ತು. ರೆಫ್ರಿ ಎಣಿಸಿ "ಎರಡೇ" ಎನ್ನುತ್ತಿದ್ದ. ಅವಳು ಸಿದ್ಧಪಡಿಸಿಟ್ಟ ಮೇಜಿಗೆ ಬೇರೆಯವರು ಬಂದು ಬಗ್ಗುತ್ತಿದ್ದರು. ಬಲ ಹೆಚ್ಚಿಸಿ ನೋಡಿದಳು. ಬಿಳಿಯೇ ಗುಳಿಗೆ ಬಿತ್ತು.

ಸೆಮಿಫೈನಲಿಗೆ ಎದುರಾದವಳು ಅದೇ ಪ್ರೇಕ್ಷಾ. ಮೊದಲು ಏಳು ಗೇಮು ಗೆದ್ದವರಿಗೆ ಪಂದ್ಯ. ಒಬ್ಬರಾದ ಮೇಲೆ ಒಬ್ಬರು ಬ್ರೇಕ್ ಮಾಡಬೇಕು. ಮೊದಲ ಬ್ರೇಕ್ ನಾಗಲಕ್ಷ್ಮಿಗೆ ಸಿಕ್ಕಿತು. ಸಿಕ್ಕಿ ಏನು ಬಂತು? ಪ್ರೇಕ್ಷಾ ಒಡೆದರೆ ಹಾಲ್ ತುಂಬ ಸದ್ದು, ಐದಾರು ಚೆಂಡು ಗೆರೆ ದಾಟಿ ಬರುತ್ತಿದ್ದವು. ಆರು ಗೇಮು ಮುಗಿದಾಗ ಐದು-ಒಂದು. ಹತ್ತು ನಿಮಿಷದ ಬಿಡುವು ಕೊಟ್ಟರು.

ತಿಮ್ಮಪ್ಪ ನೀರಿನ ಬಾಟಲಿ ಹಿಡಿದು ಬಂದ. ಅವಳು ಕುಡಿಯಲಿಲ್ಲ. ಗೋಡೆಗೆ ಅಂಟಿಸಿದ್ದ ನಿಯಮದ ಹಾಳೆಯ ಮುಂದೆ ಹೋಗಿ ನಿಂತಳು. ಬೆಳಿಗ್ಗೆ ಸಿಟ್ಟಿನಲ್ಲಿ ಪೂರ್ತಿ ಓದಿರಲಿಲ್ಲ. ಕ್ರಯಪತ್ರದಲ್ಲಿ ನಾಲ್ಕು ದಿಕ್ಕಿನ ಚೆಕ್ಕುಬಂದಿ ಓದುವ ಹಾಗೆ ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದಳು. ಮೂರು ಚೆಂಡು ದಾಟದಿದ್ದರೆ ಅದು ಫೌಲ್ ಅಲ್ಲ. ಎದುರಾಳಿ ಬಿಳಿಯನ್ನು ಕೈಯಲ್ಲಿ ಎತ್ತಿ ಬೇರೆಡೆ ಇಡುವಂತಿಲ್ಲ. ಇದ್ದ ಮೇಜಿನಲ್ಲಿ ಇದ್ದಲ್ಲಿಂದಲೇ ಆಡಬೇಕು, ಇಲ್ಲವೇ ಒಡೆದವರಿಗೇ ಹಿಂದಿರುಗಿಸಬೇಕು.

"ಅಂಗಾರೆ," ಎಂದಳು ತಿಮ್ಮಪ್ಪನ ಕಡೆ ತಿರುಗಿ, "ಅವ್ಳಿಗೆ ಬ್ಯಾಡ ಅನ್ಸೋ ಮೇಜು ಕೊಟ್ರೆ?"

ಏಳನೇ ಗೇಮಿಗೆ ಅವಳು ಮೊದಲಿಗಿಂತಲೂ ಮೆಲ್ಲಗೆ ಒಡೆದಳು. ನಾಲ್ಕು ಚೆಂಡು ಅಂಚು ಮುಟ್ಟಿದವು, ಅಷ್ಟೇ. ಉಳಿದವು ಹಟ್ಟಿಯಲ್ಲಿ ಮಲಗಿದ ಕುರಿಗಳಂತೆ ಒಂದಕ್ಕೊಂದು ಆತುಕೊಂಡು ನಿಂತವು. ಒಂದನೇ ಚೆಂಡು ಅವುಗಳ ಹಿಂದೆ ಅಡಗಿತ್ತು. ಪ್ರೇಕ್ಷಾ ಮೇಜು ಸುತ್ತಿ ನೋಡಿದಳು. ಹಿಂದಿರುಗಿಸಿದರೆ ಈ ಅಕ್ಕ ಬಿಳಿಯನ್ನು ಇನ್ನೂ ಒಳಗೆ ಅಡಗಿಸುತ್ತಾಳೆ ಎಂಬುದು ಅವಳಿಗೂ ಗೊತ್ತು. ತಾನೇ ಹೊಡೆದಳು. ಒಂದನೇ ಚೆಂಡಿಗೆ ತಾಗಲಿಲ್ಲ. ಫೌಲ್. ನಾಗಲಕ್ಷ್ಮಿ ಬಿಳಿಯನ್ನು ಕೈಯಲ್ಲಿ ಎತ್ತಿಕೊಂಡಳು, ಗೇಮು ಮುಗಿಸಿದಳು.

ಎಂಟನೇ ಗೇಮಿನಲ್ಲಿ ಪ್ರೇಕ್ಷಾಳ ಸಿಡಿಲಿನಂಥ ಬ್ರೇಕಿಗೆ ಒಂದೂ ಚೆಂಡು ಬೀಳಲಿಲ್ಲ. ಆ ಗೇಮೂ ನಾಗಲಕ್ಷ್ಮಿಗೇ. ಒಂಬತ್ತನೆಯದರಲ್ಲಿ ಮತ್ತೆ ಅದೇ ಮೆಲ್ಲನೆಯ ಬ್ರೇಕ್, ಮತ್ತೆ ಗೊಂದಲ, ಪ್ರೇಕ್ಷಾ ಹಿಂದಿರುಗಿಸಿದಳು. ನಾಗಲಕ್ಷ್ಮಿ ಬಿಳಿಯನ್ನು ಆರನೆಯ ಚೆಂಡಿನ ಬೆನ್ನಿಗೆ ಅಂಟಿ ನಿಲ್ಲುವಂತೆ ಹೊಡೆದಳು. ಪ್ರೇಕ್ಷಾಳದು ಮತ್ತೆ ಫೌಲ್. ಐದು-ನಾಲ್ಕು. ಹತ್ತನೆಯದು ಪ್ರೇಕ್ಷಾಳದು. ಹನ್ನೊಂದನೆಯದು ಮತ್ತೆ ನಾಗಲಕ್ಷ್ಮಿಯದು. ಆರು-ಐದು. ಹಾಲಿನಲ್ಲಿ ಗುಸುಗುಸು ಶುರುವಾಯಿತು. "ಇದು ಆಟಾನಾ?" ಎಂದು ಯಾರೋ ಅಂದರು. ಗೆಲ್ಲುತ್ತಿದ್ದರೂ ಅವಳಿಗೆ ಹಿಗ್ಗಿರಲಿಲ್ಲ. ಚೆಂದವಾಗಿ ಒಡೆಯಲು ಕಲಿತವಳು ಈಗ ಬೇಕೆಂದೇ ಕೆಟ್ಟದಾಗಿ ಒಡೆಯುತ್ತಿದ್ದಳು. ಒಂದೂವರೆ ವರ್ಷ ಪಟ್ಟ ಪಾಡು ಇದಕ್ಕಾಗಿ ಅಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಶಶಿಕಿರಣ್ ಎದ್ದು ಮೇಜಿನ ಬಳಿ ಬಂದರು.

"ಮೇಡಂ, ಬೇಕಂತ್ಲೇ ಮೆಲ್ಲಗೆ ಹೊಡೀತಿದೀರಿ. ಇನ್ನೊಂದ್ ಸಲ ಹಂಗ್ ಮಾಡಿದ್ರೆ ಫೌಲ್ ಕೊಡ್ತೀನಿ."

"ಎಲ್ಲಿ ಬರ್ದಿದೆ ಸಾ? ಆ ಹಾಳೇಲಿ ತೋರ್ಸಿ."

"ಹಾಳೇಲಿ ಇಲ್ಲ. ಆಟ ಹಾಳಾಗ್ದಂಗೆ ನೋಡ್ಕೊಳ್ಳೋ ಅಧಿಕಾರ ಪಂದ್ಯ ನಡ್ಸೋರಿಗೆ ಇರುತ್ತೆ."

"ಬೆಳಿಗ್ಗೆ ಹಾಳೆ ತೋರ್ಸಿ ನನ್ ಬ್ರೇಕ್ ಕಿತ್ಕಂಡ್ರಿ. ಈಗ ಹಾಳೇಲಿ ಇಲ್ದಿರೋದನ್ನ ಏಳಿ ಇದನ್ನೂ ಕಿತ್ಕತೀರಾ?"

ಹೊಲದ ಜಗಳಗಳಲ್ಲಿ ಎಂದೂ ಏರದ ದನಿ ಅವತ್ತು ಏರಿತು. ಶಶಿಕಿರಣ್ ಆಡಿದ ಮಾತು ಹಿಂತೆಗೆಯದೆ ತಮ್ಮ ಕುರ್ಚಿಗೆ ಹೋದರು.

ಹನ್ನೆರಡನೇ ಗೇಮಿನ ಬ್ರೇಕಿನಲ್ಲಿ ಪ್ರೇಕ್ಷಾಳ ಬಿಳಿ ಗುಳಿಗೆ ಬಿತ್ತು. ನಾಗಲಕ್ಷ್ಮಿ ಒಂದೂ ತಪ್ಪದೆ ಎಲ್ಲ ಚೆಂಡು ಬೀಳಿಸಿದಳು. ಆರು-ಆರು. ಕೊನೆಯ ಗೇಮು, ಅವಳದೇ ಬ್ರೇಕ್. ಮೆಲ್ಲಗೆ ಹೊಡೆಯುವಂತಿಲ್ಲ.

ಬಿಳಿಯನ್ನು ಅಂಚಿನಿಂದ ತೆಗೆದು ನಡುವಿಗೆ ಇಟ್ಟಳು. ಭುಜ ನೋಯುವ ಮುಂಚಿನ ಅಂದಾಜು ಮುಕ್ಕಾಲು ಬಲ. ಉಸಿರು ಬಿಟ್ಟು, ಮೈ ಏಳದಂತೆ ಗಲ್ಲವನ್ನು ಕೋಲಿಗೆ ಒತ್ತಿ, ಹೊಡೆದಳು. ಭುಜದಲ್ಲಿ ಚಳುಕು ಎದ್ದಿತು. ಮೈ ಮಾತ್ರ ಏಳಲಿಲ್ಲ. ಚೆಂಡುಗಳು ಚದುರಿದವು. ಒಂದು ಗೆರೆ ದಾಟಿತು. ಎರಡು. ಮೂರನೆಯದು, ಹಸಿರು ಆರು, ಆ ಕಡೆಯ ಅಂಚಿಗೆ ತಾಗಿ ನಿಧಾನವಾಗಿ ಬಂದು ಗೆರೆಯ ಮೇಲೆ ಉರುಳಿ ಈಚೆ ನಿಂತಿತು. "ಸರಿ ಇದೆ," ಎಂದ ರೆಫ್ರಿ. ಅವಳ ಜೀವನದಲ್ಲೇ ಅಷ್ಟು ಸರಿಯಾದ ಬ್ರೇಕ್ ಬಂದಿರಲಿಲ್ಲ. ಬಿಳಿ ನಡುವೆ ನಿಂತಿತ್ತು, ಎಲ್ಲ ಚೆಂಡೂ ಬಿಡಿಬಿಡಿಯಾಗಿ ಹರಡಿದ್ದವು.

ಒಂದೂ ಬಿದ್ದಿರಲಿಲ್ಲ. ರೆಕ್ಕೆಯ ಚೆಂಡು ಗುಳಿಯ ಬಾಯಲ್ಲಿ ಅಲ್ಲಾಡಿ ಅಲ್ಲೇ ಕೂತಿತ್ತು.

ಪ್ರೇಕ್ಷಾ ಎದ್ದು ಬಂದಳು. ಒಂದು, ಎರಡು, ಮೂರು. ನಾಗಲಕ್ಷ್ಮಿ ಕುರ್ಚಿಯಲ್ಲಿ ಕೂತು ತಾನು ಹರಡಿಕೊಟ್ಟ ಮೇಜು ಖಾಲಿಯಾಗುವುದನ್ನು ನೋಡಿದಳು. ಒಂಬತ್ತು ಬಿದ್ದಾಗ ಜನ ಚಪ್ಪಾಳೆ ತಟ್ಟಿದರು.

ಕೋಲು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಾಗ ಶಶಿಕಿರಣ್ ಬಂದು ತಗ್ಗಿದ ದನಿಯಲ್ಲಿ, "ಬೇಜಾರ್ ಮಾಡ್ಕೋಬೇಡಿ. ಅರಕಲಗೂಡಿನ ಆಟ ನೋಡಿ ನಾಲ್ಕು ಜನ ಫೋನ್ ಮಾಡಿದ್ರು. ಆ ಮೇಡಂ ಬ್ರೇಕ್‌ಗೆ ಏನಾದ್ರೂ ಮಾಡಿ ಅಂತ," ಎಂದರು.

"ಹೆಂಗ್ ಒಡೆಯೋದು ಅಂತ ಕಲ್ತ್ಕೊಳಕ್ಕೆ ಯಾರೂ ಫೋನ್ ಮಾಡ್ಲಿಲ್ವಾ ಸಾ?"

ನಾಗಲಕ್ಷ್ಮಿ ಚೀಲ ಹೆಗಲಿಗೇರಿಸಿ ಹೊರಟಳು. ಬಾಗಿಲ ಬಳಿ ಪ್ರೇಕ್ಷಾ ನಿಂತಿದ್ದಳು. "ಅಕ್ಕ, ಬ್ರೇಕ್ ಮಾಡ್ದಾಗ ಬಿಳಿ ಹೆಂಗೆ ನಡುವೇನೇ ನಿಲ್ಸ್ತೀರಾ? ನಂದು ಎಲ್ಲೆಲ್ಲೋ ಓಡೋಗುತ್ತೆ. ಹೇಳ್ಕೊಡ್ತೀರಾ?"

"ಇವತ್ ಬ್ಯಾಡ ಕಣಮ್ಮ," ಎಂದಳು ನಾಗಲಕ್ಷ್ಮಿ. "ಇವತ್ ನಂಗೆ ಸಿಟ್ ಬಂದದೆ. ಯಾರ್ ಮ್ಯಾಲೆ ಅಂತ ಇನ್ನೂ ಗೊತ್ತಾಗಿಲ್ಲ. ಸಿಕ್ಕಿದೋರ್ ಮ್ಯಾಲೆಲ್ಲ ಬತ್ತದೆ."

ಹುಡುಗಿ ಪೆಚ್ಚಾಗಿ ಪಕ್ಕಕ್ಕೆ ಸರಿದಳು. ಸ್ಕೂಟರಿನಲ್ಲಿ ಊರು ಮುಟ್ಟುವವರೆಗೆ ತಿಮ್ಮಪ್ಪ ಬಾಯಿ ಬಿಡಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅಷ್ಟು ಕಲಿತಿದ್ದ.

ಎರಡು ವಾರ ಅವಳು ಪಾರ್ಲರಿನ ಮೆಟ್ಟಿಲು ಹತ್ತಲಿಲ್ಲ. ಮೂರನೇ ವಾರ ಹತ್ತಿದಳು. ಮೇಜಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಹೋದಾಗ ಅಶೋಕ, "ನನ್ ಮೇಜು ಕಣವ್ವ ಅದು, ನಿನ್ ಸರ್ವೆ ನಂಬ್ರು ಅಲ್ಲ!" ಎಂದು ಕೂಗಾಡಿದ. ಎಳೆದೇ ಎಳೆದಳು. ಈಗ ದಿನಾ ಮಧ್ಯಾಹ್ನ ಇಪ್ಪತ್ತೇ ಸಲ, ಭುಜ ಅದಕ್ಕಿಂತ ಹೆಚ್ಚಿಗೆ ಒಪ್ಪುವುದಿಲ್ಲ. ಮೂರು ಚೆಂಡು ದಾಟಿದ ದಿನ ಒಂದೂ ಬೀಳುವುದಿಲ್ಲ. ಬಿದ್ದ ದಿನ ಅದೂ ಸೇರಿ ಲೆಕ್ಕ ಎರಡೇ ಆಗುತ್ತದೆ. ಹತ್ತಕ್ಕೆ ಎರಡು ಸಲ ಎರಡೂ ಆಗುತ್ತವೆ, ಅದೂ ಯಾಕೆ ಆಯಿತೆಂದು ತಿಳಿಯುವುದಿಲ್ಲ. ಆ ತಿಳಿಯದಿರುವುದಕ್ಕೇ ಅವಳಿಗೆ ಹೆಚ್ಚು ಸಿಟ್ಟು.

ಹೋದ ತಿಂಗಳು ಪ್ರೇಕ್ಷಾ ಹಾಸನದಿಂದ ಬಸ್ಸಿನಲ್ಲಿ, ಹೇಳದೆ ಕೇಳದೆ ಬಂದು ಪಾರ್ಲರಿನ ಬಾಗಿಲಲ್ಲಿ ನಿಂತಳು. ನಾಗಲಕ್ಷ್ಮಿ ಆಗಷ್ಟೇ ಒಡೆದಿದ್ದಳು. ಮೂರನೇ ಚೆಂಡು ಗೆರೆಗೆ ನಾಲ್ಕು ಬೆರಳು ಹಿಂದೆ ನಿಂತಿತ್ತು. ಅವಳು ತಲೆ ಎತ್ತಿ ನೋಡಿ, "ಸಿಟ್ಟು ಇನ್ನೂ ಓಗಿಲ್ಲ," ಎಂದಳು. ಆಮೇಲೆ ಗೋಡೆಗೆ ಒರಗಿಸಿದ್ದ ಇನ್ನೊಂದು ಕೋಲಿನ ಕಡೆ ಕೈ ತೋರಿಸಿದಳು. "ಬಂದಿದ್ದೀಯಲ್ಲ, ಚೆಂಡು ಜೋಡ್ಸು. ಸಂದ್ ಇಲ್ದಂಗೆ ಜೋಡ್ಸು."